ಓದುಗರ ಪ್ರಶ್ನೆ: ಮೈದನಹಳ್ಳಿಗೆ ಹೋದರೂ ಜಿಂಕೆ ಕಾಣಲಿಲ್ಲ

ಪ್ರಶ್ನೆ: ಮಕ್ಕಳಿಗೆ ಜಿಂಕೆ ತೋರಿಸೋಣ ಅಂತ ಹೋದ ಭಾನುವಾರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ದೆವು. ತಲುಪಿದಾಗ ಹನ್ನೊಂದೂವರೆ. ಕಂಡಿದ್ದು ಬರೀ ಒಣಹುಲ್ಲು, ಬಿಸಿಲು. ದೂರದಲ್ಲಿ ಏನೋ ನಾಲ್ಕೈದು ಓಡಿದ ಹಾಗಾಯಿತು, ಅಷ್ಟೇ. ಒಂದಷ್ಟು ಗಿಡ ನೆಟ್ಟು ಅದನ್ನು ಕಾಡು ಮಾಡಬಾರದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಗಿಡ ಮಾತ್ರ ಬೇಡ, ದಯವಿಟ್ಟು. ನೀವು ಜಿಂಕೆ ಅಂದಿದ್ದು ಅಲ್ಲಿಯ ಕೃಷ್ಣಮೃಗವನ್ನು, ನೀವು ನೋಡಿದ ಆ ಒಣಹುಲ್ಲೇ ಅದರ ಮನೆ. ಅದು ಬದುಕೋದು ಕಣ್ಣು ಮತ್ತು ಕಾಲನ್ನು ನಂಬಿಕೊಂಡು. ತೋಳವೋ ನಾಯಿಯೋ ದೂರದಲ್ಲಿ ಇರುವಾಗಲೇ ಕಾಣಬೇಕು, ಕಂಡ ತಕ್ಷಣ ಓಡೋಕೆ ಜಾಗ ಇರಬೇಕು. ಮರ ಬೆಳೆದರೆ ದೂರದ್ದು ಕಾಣಿಸೋದಿಲ್ಲ, ನೆರಳು ದಟ್ಟವಾದರೆ ಹುಲ್ಲೂ ಹೋಗುತ್ತದೆ. ಅಲ್ಲಿ ಹಿಂದೆ ನೆಟ್ಟ ನೀಲಗಿರಿಯೇ ಸಾಕಷ್ಟಿದೆ. ನಮ್ಮ ಕಡೆ ಹಳಬರು ಇಂಥ ಜಾಗವನ್ನು ಕಾವಲು, ಗೋಮಾಳ ಅಂತಿದ್ದರು. ಈಗ ನಾವು ಖಾಲಿ ಜಾಗ ಅಂತೀವಿ. ಖಾಲಿ ಅಂದ ಮೇಲೆ ಸುಮ್ನೆ ಬಿಡೋದುಂಟೇ, ಒಬ್ಬ ಗಿಡ ನೆಡೋಕೆ ಬರ್ತಾನೆ, ಇನ್ನೊಬ್ಬ ಬೇಲಿ ಹಾಕೋಕೆ!

ಮೈದನಹಳ್ಳಿಯ 798 ಎಕರೆಯನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದು 2007ರಲ್ಲಿ. ಹೆಸರು ಬಂದಿದ್ದು ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯಿಂದ.

ನೀವು ಎಡವಿದ್ದು ಹೊತ್ತಿನಲ್ಲಿ. ಬೆಳಗ್ಗೆ ಆರೂವರೆಗೆ ಅಲ್ಲಿರಿ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಹೋಗಿ. ಗಾಡಿ ದಾರಿಯಲ್ಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅರ್ಧ ಗಂಟೆ ಕೂತುಬಿಡಿ. ಮಕ್ಕಳು ಚಡಪಡಿಸ್ತಾರೆ, ಗೊತ್ತು, ಚಕ್ಕುಲಿ ಕೊಟ್ಟು ಕೂರಿಸಿ. ನಾನು ಒಮ್ಮೆ ಹಾಗೆ ಕೂತಿದ್ದಾಗ ಒಂದು ಕಪ್ಪು ಗಂಡು ಬಂದು ಹಿಕ್ಕೆಯ ಗುಡ್ಡೆ ಮೇಲೆ ನಿಂತಿತು. ಅದು ಅದರ ಗಡಿಕಲ್ಲು, ದಿನಾ ಬಂದು ಅಲ್ಲೇ ಹಿಕ್ಕೆ ಹಾಕಿ ‘ಈ ಜಾಗ ನನ್ನದು’ ಅಂತ ಉಳಿದ ಗಂಡುಗಳಿಗೆ ತಿಳಿಸುತ್ತದೆ. ತಲೆ ಹಿಂದಕ್ಕೆ ಎಸೆದು, ತಿರುಚಿದ ಕೊಂಬನ್ನು ಬೆನ್ನಿಗೆ ತಾಗುವಷ್ಟು ಬಾಗಿಸಿ, ಬಾಲ ಎತ್ತಿಕೊಂಡು ನಡೆಯಿತು ನೋಡಿ, ಮದುವೆ ಮನೆಯಲ್ಲಿ ಓಡಾಡುವ ಬೀಗರು ನೆನಪಾದರು. ಹೆಣ್ಣುಗಳಿಗೆ ಕೊಂಬಿಲ್ಲ, ಕಂದು ಬಣ್ಣ. ಎಳೆ ಗಂಡುಗಳೂ ಕಂದೇ, ಆದ್ದರಿಂದ ಕಪ್ಪಗಿದ್ದದ್ದನ್ನು ಮಾತ್ರ ಹುಡುಕಬೇಡಿ.

ಇನ್ನೊಂದು ವಿಷಯ. ಹುಲ್ಲಲ್ಲಿ ಮರಿ ಒಂದೇ ಮಲಗಿದ್ದು ಕಂಡರೆ ಮುಟ್ಟಬೇಡಿ. ತಾಯಿ ಬೇಕಂತಲೇ ಬಚ್ಚಿಟ್ಟು ಮೇಯೋಕೆ ಹೋಗಿರುತ್ತದೆ. ಅನಾಥ ಮರಿ ಅಂದುಕೊಂಡು ಎತ್ತಿಕೊಂಡು ಬರುವ ಒಳ್ಳೆಯವರದೇ ಕಾಟ. ಉಳಿದ ತಿಂಡಿಯನ್ನೂ ಎಸೆದು ಬರಬೇಡಿ, ಅದಕ್ಕೆ ಬೀದಿನಾಯಿ ಬರುತ್ತವೆ, ಬಂದ ನಾಯಿ ಮರಿಗಳನ್ನು ಬಿಡೋದಿಲ್ಲ.

ಪ್ರಶ್ನೆ: ಬುಕ್ಕಾಪಟ್ಟಣದಲ್ಲೂ ಜಿಂಕೆಗೆ ಅಭಯಾರಣ್ಯ ಇದೆಯಂತೆ. ಎರಡೂ ಒಂದೇನಾ? ಒಳಗೆ ಹೋಗಬಹುದಾ?
– ಕಾಲೇಜು ವಿದ್ಯಾರ್ಥಿ, ಶಿರಾ

ಉತ್ತರ: ಬೇರೆ ಬೇರೆ. ಬುಕ್ಕಾಪಟ್ಟಣದ್ದು ಚಿಂಕಾರ ಅನ್ನೋ ಇನ್ನೊಂದು ಪ್ರಾಣಿಯದು, ಆ ಕಾಡು 2019ರಲ್ಲಿ ಅಭಯಾರಣ್ಯ ಆಯಿತು. ಚಿಂಕಾರ ಕೃಷ್ಣಮೃಗಕ್ಕಿಂತ ಚಿಕ್ಕದು, ತೆಳ್ಳಗಿದೆ, ಇದರಲ್ಲಿ ಹೆಣ್ಣಿಗೂ ಸಣ್ಣ ಕೊಂಬು ಇರುತ್ತದೆ. ಎಲೆಯಲ್ಲಿರುವ ನೀರಿನಂಶದಲ್ಲೇ ಬಹಳ ದಿನ ತಳ್ಳಬಲ್ಲದು, ಹಾಗಾಗಿ ಆ ಕುರುಚಲು ಕಾಡು ಅದಕ್ಕೆ ಒಗ್ಗುತ್ತದೆ. ನಾಲ್ಕು ಕೊಂಬಿನ ಕೊಂಡುಕುರಿಯೂ ಅಲ್ಲಿದೆ. ಆದರೆ ಅಭಯಾರಣ್ಯ ಅಂದಮೇಲೆ ಬೈಕ್ ತಗೊಂಡು ನುಗ್ಗೋ ಹಾಗಿಲ್ಲ, ಅರಣ್ಯ ಇಲಾಖೆ ಅನುಮತಿ ಬೇಕು. ರೀಲ್ಸ್ ಮಾಡೋಕೆ ಅಂತ ಅರ್ಜಿ ಬರೀಬೇಡಿ ಮತ್ತೆ.

ಪ್ರಶ್ನೆ: ನವೆಂಬರ್‌ನಲ್ಲಿ ಕೊಕ್ಕರೆ ನೋಡೋಕೆ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿದ್ದೆ. ಒಂದು ಕೊಕ್ಕರೆಯೂ ಇರಲಿಲ್ಲ. ಊರು ಬಿಟ್ಟು ಹೋದವಾ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಇಲ್ಲ ಇಲ್ಲ. ಬಣ್ಣದ ಕೊಕ್ಕರೆ ಅಲ್ಲಿಗೆ ಬರೋದು ಬಾಣಂತನಕ್ಕೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮಳೆಗಾಲದ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ. ಸುತ್ತಲಿನ ಕೆರೆಗಳಲ್ಲಿ ನೀರಿದ್ದ ವರ್ಷ ಮೀನು ಸಿಗುತ್ತದೆ, ಹಕ್ಕಿಯೂ ಜಾಸ್ತಿ. ಪಟಾಕಿ, ಕೂಗಾಟ ಬೇಡ, ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ, ವಾಪಸ್ ಬರೋ ಹೊತ್ತಿಗೆ ಸುಣ್ಣ ಬಳಿದಿಟ್ಟಿರುತ್ತವೆ.