ಒಮ್ಮೆ ರಕ್ತ ಕೊಟ್ಟ ಸಮುದಾಯ ಮತ್ತೆ ಸಂಶೋಧಕರನ್ನು ಏಕೆ ನಂಬುವುದಿಲ್ಲ?

ಕೊಟ್ಟ ರಕ್ತ ಯಾವ ಕೆಲಸಕ್ಕೆ ಹೋಯಿತು ಎಂಬುದು ಕೊಟ್ಟವರಿಗೇ ತಿಳಿಯದೆ ಹೋದಾಗ ನಂಬಿಕೆ ಮುರಿಯುತ್ತದೆ. ಅದನ್ನು ಮತ್ತೆ ಕಟ್ಟಬೇಕಾದರೆ ಆ ರಕ್ತದ ಮೇಲಿನ ಹತೋಟಿ ಜನರ ಕೈಯಲ್ಲೇ ಉಳಿಯಬೇಕು.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಹವಾಸುಪಾಯ್ ಎಂಬ ಪುಟ್ಟ ಬುಡಕಟ್ಟಿದೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರ ಸುಮಾರಿಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದಾಗ, ಆ ಕಾಯಿಲೆಗೆಂದೇ ತಿಳಿದು ಜನ ಕೈ ಚಾಚಿದರು. ಸಹಿ ಹಾಕಿದ ಕಾಗದದಲ್ಲಿ ಮಾತ್ರ ವರ್ತನೆಯ ಮತ್ತು ವೈದ್ಯಕೀಯ ತೊಂದರೆಗಳ ಕಾರಣ ಹುಡುಕುವುದು ಎಂಬ ಅಗಲವಾದ ಮಾತಿತ್ತು. ಎಡವಟ್ಟಾದದ್ದು ಅಲ್ಲೇ. ಅದೇ ರಕ್ತ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ, ಪೂರ್ವಜರ ವಲಸೆಯ ಅಧ್ಯಯನಗಳಿಗೂ ಹೋಯಿತು. ಕಣಿವೆಯೇ ತಮ್ಮ ಹುಟ್ಟಿನ ನೆಲ ಎಂದು ನಂಬಿದವರಿಗೆ, ನಿಮ್ಮ ಹಿರಿಯರು ಏಷ್ಯಾದಿಂದ ಬಂದವರು ಎಂಬ ಪಾಠ ಬೇರೆ! 2003ರಲ್ಲಿ ಬುಡಕಟ್ಟಿನ ಮಹಿಳೆಯೊಬ್ಬರು ಆ ರಕ್ತವನ್ನು ಬಳಸಿದ ಪಿಎಚ್.ಡಿ. ಪ್ರಬಂಧದ ಮಂಡನೆಗೆ ಹೋಗಿ ಕುಳಿತಾಗಲಷ್ಟೇ ಗುಟ್ಟು ಹೊರಬಿತ್ತು. ಮೊಕದ್ದಮೆಯಾಯಿತು. 2010ರ ರಾಜಿಯಲ್ಲಿ 41 ಜನರಿಗೆ 7 ಲಕ್ಷ ಡಾಲರ್ ಸಿಕ್ಕಿತು, ಫ್ರೀಜರಿನಲ್ಲಿದ್ದ ರಕ್ತವೂ ಮರಳಿತು. ಹಣಕ್ಕಿಂತ ಇದೇ ದೊಡ್ಡದೆಂದು ನನ್ನ ಎಣಿಕೆ: ರಕ್ತ ಅವರಿಗೆ ಪವಿತ್ರ. ಪ್ರಯೋಗಾಲಯಕ್ಕೆ ಹೋದವರು ಆ ಸೀಸೆಗಳ ಮುಂದೆ ಹಾಡಿ, ಅತ್ತು, ಪ್ರಾರ್ಥಿಸಿದರು.

ಇನ್ನು ನಂಬಿಕೆಯನ್ನು ಮತ್ತೆ ಕಟ್ಟುವ ಬಗೆ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ಸಂಶೋಧಕರಿಗೆ ತಮ್ಮದೇ ನೀತಿಸಂಹಿತೆ ಬರೆದರು. ಮೊದಲು ನಮ್ಮ ಒಪ್ಪಿಗೆ ಪಡೆಯಿರಿ, ಕೊಟ್ಟ ಮಾತು ಉಳಿಸಿಕೊಳ್ಳಿ ಎನ್ನುತ್ತದೆ ಅದು. ಜಟಿಲ ವಿಷಯವಾದರೂ ಸರಿಯಾಗಿ ಬಿಡಿಸಿ ಹೇಳಿ, ನಮಗೆ ಅರ್ಥವಾಗದೆಂದು ನೀವೇ ತೀರ್ಮಾನಿಸಬೇಡಿ ಎಂದೂ ಅದರಲ್ಲಿದೆ.