ಮ್ಯಾಂಡರಿನ್ ಮೀನಿಗೆ ಯಾವ ಫುಡ್ ಒಳ್ಳೇದು ಅಂತ ಕೇಳಿದ್ದೀರಲ್ಲ

80 ಲೀಟರ್ ಉಪ್ಪುನೀರಿನ ಟ್ಯಾಂಕು, ಮೂರು ತಿಂಗಳ ಸೆಟಪ್ಪು, "ಯಾವ ಕಂಪನಿ ಪೆಲೆಟ್ (ಒಣ ಕಾಳಿನ ಫುಡ್) ಹಾಕ್ಲಿ" ಅನ್ನೋ ನಿಮ್ ಪ್ರಶ್ನೆ ಓದಿದ್ರೆ ನಾಲ್ಕು ವರ್ಷದ ಹಿಂದೆ ನಾನೇ ಬರೆದಂಗಿದೆ.

ಬೆಂಗಳೂರಿನ ಒಂದು ಅಂಗಡೀಲಿ ನೋಡಿ ಮರುಳಾದೆ. ಬೆರಳುದ್ದದ ಮೀನು, ನೀಲಿ ಮೈಮೇಲೆ ಕಿತ್ತಳೆ ಬಳ್ಳಿ ಎಳೆದಂಗೆ. ಬೇರೆ ಮೀನಿನ ನೀಲಿ ಬಹುಪಾಲು ಬೆಳಕಿನ ಆಟ, ಇದರ ಚರ್ಮದಲ್ಲಿ ಮಾತ್ರ ನಿಜವಾಗ್ಲೂ ನೀಲಿ ಬಣ್ಣಾನೇ ಇದೆ. ಅಂಗಡಿಯವನು "ಗಟ್ಟಿ ಮೀನು ಸರ್, ಖಾಯಿಲೆ ಬರಲ್ಲ" ಅಂದ. ಅದು ಪೂರ್ತಿ ಸುಳ್ಳೂ ಅಲ್ಲ, ಇದರ ಮೈಮೇಲೆ ಹುರುಪೆ ಇಲ್ಲ, ಮೈತುಂಬ ವಾಸನೆ ಬರೋ ದಪ್ಪ ಲೋಳೆ, ಹಂಗಾಗಿ ಮೈಮೇಲೆ ಬಿಳಿ ಚುಕ್ಕೆ ಏಳೋ ವೈಟ್ ಸ್ಪಾಟ್ ಖಾಯಿಲೆ ಬರೋದು ಕಮ್ಮಿ. ಇದನ್ನ ಕೊಲ್ಲೋದು ಹಸಿವು.

ಈಗ ನನ್ ದಡ್ಡತನ ಕೇಳಿ. ಕಲ್ಲಿನ ಮೇಲೆ ಕಂದು ಪಾಚಿ ಕಂಡ್ರೆ ನನ್ ಕೈ ಸುಮ್ನಿರಲ್ಲ. ಪ್ರತಿ ಭಾನುವಾರ ಎರಡೆರಡು ಲೈವ್ ರಾಕ್, ಅಂದ್ರೆ ಸಣ್ಣ ಜೀವಿಗಳು ತುಂಬಿರೋ ಕಲ್ಲು, ಎತ್ಕೊಂಡು ಹೋಗಿ ನಲ್ಲಿ ನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಟೆರೇಸ್ ಮೇಲೆ ಒಣಗಿಸಿ ವಾಪಸ್ ಇಡ್ತಿದ್ದೆ, ಪಳಪಳ ಅನ್ನೋದು, ಮನೆಗೆ ಬಂದೋರೆಲ್ಲ ಹೊಗಳೋರು. ಈ ಮೀನು ತಿನ್ನೋದು ಆ ಕಲ್ಲಿನ ಸಂದೀಲಿ ಹರಿದಾಡೋ ಕೋಪೆಪಾಡ್‌ಗಳನ್ನ, ಎಳ್ಳಿಗಿಂತ ಚಿಕ್ಕ ಹುಳ, ಸಿಹಿನೀರು ತಾಗಿದ್ರೆ ಸಾಯುತ್ವೆ, ಕ್ಲೋರಿನ್ನು ಬಿಸಿಲು ಎಲ್ಲಾ ಬೇರೆ. ಅಂದ್ರೆ ವಾರವಾರ ನಾನು ತೊಳೀತಿದ್ದಿದ್ದು ಅದರ ಉಗ್ರಾಣಾನ. ಅದು ಪಾಪ ಕೆಳಗಿನ ರೆಕ್ಕೆ ಊರ್ಕೊಂಡು ಕಲ್ಲಿಂದ ಕಲ್ಲಿಗೆ ನಡೀತಾ ದಿನವಿಡೀ ಟಕ್ ಟಕ್ ಅಂತ ಕುಕ್ಕೋದು, ನಾನು ಆಹಾ ಹೊಟ್ಟೆತುಂಬ ತಿಂತಿದೆ ಅನ್ಕೊಳ್ಳೋದು! ಬರೀ ಕಲ್ಲು ಕುಕ್ತಿತ್ತು. ಪೆಲೆಟ್ ಮೂಗಿನ ಮುಂದೆ ಬಿದ್ರೂ ತಿರುಗಿ ನೋಡ್ತಿರಲಿಲ್ಲ. ಹೊಟ್ಟೆ ಒಳಗೆ ಹೋಗಿದ್ದು ಗೊತ್ತಾದಾಗ ಐದನೇ ವಾರ, ಏಳನೇ ವಾರಕ್ಕೆ ಹೋಯ್ತು.

ಆಮೇಲೆ ಫಿಲಿಪೈನ್ಸ್‌ನ ಮಲಪಾಸ್ಕುವಾ ದ್ವೀಪದ ಡೈವಿಂಗ್ ವಿಡಿಯೋ ನೋಡ್ದೆ. ಹಗಲೆಲ್ಲ ಮುರಿದ ಹವಳದ ರಾಶೀಲಿ ಅಡಗಿರೋ ಮೀನು ಮುಸ್ಸಂಜೆಗೆ ಹೊರಗ್ ಬಂದು, ಗಂಡು ಬೆನ್ನಿನ ಉದ್ದ ಮುಳ್ಳು ನಿಗುರಿಸ್ಕೊಂಡು, ಜೋಡಿ ಪಕ್ಕಪಕ್ಕ ಅಂಟ್ಕೊಂಡು ಮೇಲೇರಿ ಮೊಟ್ಟೆ ಬಿಟ್ಟು ಸರ್ರಂತ ಕೆಳಗೆ. ನನ್ ಟ್ಯಾಂಕಲ್ಲಿ ಒಂಟಿಯಾಗಿ ಸತ್ತಿದ್ದು ನೆನಪಾಗಿ ಪೂರ್ತಿ ನೋಡಕ್ಕಾಗ್ಲಿಲ್ಲ.

ಹಂಗಾಗಿ ಫುಡ್ ಹೆಸರು ನಾನು ಹೇಳಲ್ಲ, ನಿಮ್ ಪ್ರಶ್ನೇನೇ ತಪ್ಪು. 80 ಲೀಟರಲ್ಲಿ ಸಮುದ್ರದಿಂದ ಹಿಡಿದ ಮ್ಯಾಂಡರಿನ್ ಬೇಡ. ಕಮ್ಮಿ ಅಂದ್ರೂ 280 ಲೀಟರು, ವರ್ಷ ತುಂಬಿರೋ ಟ್ಯಾಂಕು, ಕಲ್ಲು ತುಂಬ, ಅದೇ ಹುಳಕ್ಕೆ ಬಾಯಿ ಹಾಕೋ ರಾಸ್ ಜಾತಿ ಮೀನು ಇರಬಾರದು, ಎರಡು ಗಂಡು ಅಂತೂ ಬೇಡ್ವೇ ಬೇಡ, ಕಚ್ಚಾಡಿ ಸಾಯ್ತವೆ. ಟ್ಯಾಂಕಲ್ಲೇ ಹುಟ್ಟಿ ಫ್ರೋಜನ್ ಫುಡ್ ತಿನ್ನೋಕೆ ಕಲಿತಿರೋ ಮರಿ ಸಿಕ್ಕಿದ್ರೆ ಮಾತು ಬೇರೆ. ಆದ್ರೂ ದುಡ್ಡು ಕೊಡೋ ಮುಂಚೆ "ನನ್ ಎದುರಿಗೇ ತಿನ್ನಿಸಿ ತೋರ್ಸಿ" ಅನ್ನಿ, ಅವನು "ನಾಳೆ ಬನ್ನಿ ಸರ್" ಅಂದ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ.