ಎಲೆ ಉದುರುವ ಕಾಲದ ಕುರ್ತಾ: ಬಣ್ಣ ಮೊದಲು, ದಾರ ಆಮೇಲೆ

ಕೆನೆ ಬಣ್ಣದ ಕಾಟನ್ ಕುರ್ತಾ ಮೇಲೆ ಎಲೆ ಉದುರುವ ಕಾಲ ತರಬೇಕು, ಆದರೆ ಹೋದ ಸಲ ಬಳಿದ ಬಣ್ಣ ಎರಡೇ ಒಗೆತಕ್ಕೆ ಬಿರುಕು ಬಿಟ್ಟಿತು ಅಂತ ಬರೆದಿದ್ದೀರಿ. ಬಹುಶಃ ಬಣ್ಣ ದಪ್ಪ ಆಗಿತ್ತು, ಇಲ್ಲವೇ ಬಟ್ಟೆಯಲ್ಲಿ ಗಂಜಿ ಉಳಿದಿತ್ತು. ಗಂಜಿ ಇದ್ದರೆ ಬಣ್ಣ ನೂಲಿಗೆ ಹಿಡಿಯುವುದಿಲ್ಲ, ಮೇಲೆ ಸುಮ್ನೆ ಕೂತಿರುತ್ತದೆ. ಮೊದಲು ಬಿಸಿನೀರಲ್ಲಿ ಸೋಪು ಹಾಕಿ ಒಗೆಯಿರಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಿಬಿಡಲಿ.

ಇನ್ನು ಚಿತ್ರ. ಕುರ್ತಾ ತುಂಬಾ ಎಲೆ ಹರಡಬೇಡಿ, ಪರದೆ ಬಟ್ಟೆ ಥರ ಆಗುತ್ತದೆ. ಎಲೆ ಬೀಳುವುದು ಕೆಳಕ್ಕೆ ಅಲ್ವಾ? ಭುಜದ ಹತ್ತಿರ ಒಂದೋ ಎರಡೋ, ನಡುವೆ ಓರೆಯಾಗಿ ಒಂದು, ಕೆಳಗಿನ ಅಂಚಿನಲ್ಲಿ ರಾಶಿ. ನಡುವಿನ ಖಾಲಿ ಜಾಗದಿಂದಲೇ ಎಲೆ ಬೀಳುತ್ತಿರುವ ಹಾಗೆ ಕಾಣುವುದು. ಪೇಪರ್ ಎಲೆ ಕತ್ತರಿಸಿ ಪಿನ್ ಮಾಡಿ, ತೊಟ್ಟುಕೊಂಡು ಕನ್ನಡಿ ನೋಡಿ. ಮೇಜಿನ ಮೇಲೆ ಚೆನ್ನಾಗಿ ಕಂಡದ್ದು ಮೈಮೇಲೆ ಬೇರೆಯೇ ಕಡೆ ಬಂದಿರುತ್ತದೆ.

ಬ್ರಷ್‌ಗಿಂತ ನಿಜವಾದ ಎಲೆಯ ಅಚ್ಚು ನನಗೆ ಇಷ್ಟ. ಒಣಗಿದ್ದು ಪುಡಿಯಾಗುತ್ತದೆ, ಹಸಿ ಎಲೆಯೇ ಬೇಕು. ನರ ಉಬ್ಬಿರುವ ಹಿಂಬದಿಗೆ ಸ್ಪಂಜಿನಿಂದ ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ತಟ್ಟಿ. ಬಟ್ಟೆ ಮೇಲೆ ಮಗುಚಿಟ್ಟು, ಮೇಲೊಂದು ಕಾಗದ ಹಾಕಿ, ಬೆರಳಲ್ಲಿ ನಡುವಿನಿಂದ ಅಂಚಿಗೆ ಒತ್ತಿ. ಜಾರಿಸಬೇಡಿ, ತೊಟ್ಟು ಹಿಡಿದು ನೇರ ಎತ್ತಿ. ಹಳದಿ ಎಲೆಗೆ ಹಳದಿಯನ್ನೇ ಮೊದಲು ಹಚ್ಚಿ. ಗಿಡದಲ್ಲೂ ಹಾಗೇ, ಹಳದಿ ಒಳಗೇ ಇರುತ್ತದೆ, ಹಸಿರು ಹೋದ ಮೇಲೆ ಕಾಣಿಸುತ್ತದೆ. ಎಲೆಗೆ ಹಚ್ಚಿದ ಹಳದಿ ಬಣ್ಣ ಹಸಿಯಿರುವಾಗಲೇ ಅಂಚಿಗೆ ಸ್ವಲ್ಪ ತುಕ್ಕಿನ ಕೆಂಪು, ನರದ ಪಕ್ಕ ಒಂದಿಷ್ಟು ಹಸಿರು ತಟ್ಟಿದರೆ ಅರ್ಧ ಹಣ್ಣಾದ ಎಲೆ ಸಿಗುತ್ತದೆ. ಒಳಗೆ ರಟ್ಟು ಇಡುವುದು ಮರೆಯಬೇಡಿ. ನಾನು ಒಮ್ಮೆ ಮರೆತು, ಬೆನ್ನಿಗೂ ಅದೇ ಎಲೆ ಪುಕ್ಕಟೆ ಬಂದಿತ್ತು!

ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಒಳಮೈ ತಿರುಗಿಸಿ, ಉಗಿ ಇಲ್ಲದೆ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಇಸ್ತ್ರಿ ಮಾಡಿ. ಹೆಚ್ಚಿನ ಬಣ್ಣಗಳಿಗೆ 3ರಿಂದ 5 ನಿಮಿಷ ಸಾಕು. ಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು.

ದಾರದ ಕೆಲಸ ಇದಾದ ಮೇಲೆಯೇ. ಮೊದಲೇ ಕಸೂತಿ ಮಾಡಿದರೆ ಬಣ್ಣ ಕುಡಿದು ದಾರ ಬಿರುಸಾಗುತ್ತದೆ. ಆರು ಎಳೆಯ ದಾರದಲ್ಲಿ ಎರಡೇ ಎಳೆ ತೆಗೆದು, ನರಗಳ ಮೇಲೆ ಕಾಂಡದ ಹೊಲಿಗೆ (ಸ್ಟೆಮ್ ಸ್ಟಿಚ್, ಒಂದಕ್ಕೊಂದು ತಾಗಿ ಹಗ್ಗದ ಹಾಗೆ ಕಾಣುವ ಸಾಲು) ಹಾಕಿ. ಎಲ್ಲಾ ಎಲೆಗೂ ಬೇಡ, ಕಣ್ಣು ನಿಲ್ಲಬೇಕಾದ ಮೂರಕ್ಕೆ ಸಾಕು. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಟ್ಟರೆ ಅದು ಬೇಡವೇ ಬೇಡ. ಮಣಿ ಹಾಕುವ ಆಸೆ ಇದ್ದರೆ ಕುತ್ತಿಗೆ ಹತ್ತಿರ ಹಾಕಿ. ಹಿಂದಿನ ಅಂಚಿಗೆ ಹಾಕಿದರೆ ಕೂತಾಗೆಲ್ಲ ಚುಚ್ಚುತ್ತದೆ.

ಅಂದಹಾಗೆ, ಕುರ್ತಾ ಹೊಲಿದಾಗಿದೆಯಾ, ಇನ್ನೂ ಬಟ್ಟೆಯೇ? ಬಟ್ಟೆಯಾಗಿದ್ದರೆ ಕತ್ತರಿಸುವ ಗೆರೆ ಹಾಕಿಕೊಂಡು ಬಣ್ಣ ಮುಗಿಸಿ, ಆಮೇಲೆ ಹೊಲಿಸಿ. ಪಕ್ಕದ ಹೊಲಿಗೆಯ ಮೇಲೂ ಎಲೆ ದಾಟಿಸಬೇಕು ಅಂದರೆ ಆ ಒಂದನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಿ.